ಮೂಲ ತಿಳಿಯದ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿದ ಮೇಲೆ, ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪದ ಕಾರಣ, ಏಳೆಂಟು ವರ್ಷಗಳಿಂದ ತೊಂದರೆ ಕೊಡದೆ ನಡೆಯುತ್ತಿರುವ ಕಂಪ್ಯೂಟರ್ ಇಟ್ಟುಕೊಂಡಿರುವ ಅನೇಕರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: ಇಡೀ ಕಂಪ್ಯೂಟರನ್ನು ಬದಲಾಯಿಸುವ ಬದಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಪ್ರೊಸೆಸರ್ ಒಂದನ್ನು ತಂದು ಹಾಕಿದರೆ ಆಗುವುದಿಲ್ಲವೇ? 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿರುವುದರಿಂದ ಈ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ. ಇರುವ ಡಿಡಿಆರ್4 ರ್‍ಯಾಮ್ ಮತ್ತು ಮದರ್‌ಬೋರ್ಡನ್ನು ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಾಯಿಸುವುದು ಅನೇಕರಿಗೆ ನಿಜಕ್ಕೂ ಬುದ್ಧಿವಂತಿಕೆಯ ದಾರಿ.

ಆದರೆ ಮಾರಾಟದ ಪುಟವನ್ನು ತೆರೆದರೆ ಅಂಗೈ ಮೇಲಿಟ್ಟ ಒಂದು ಚಿಪ್‌ನ ಫೋಟೋ, ಅದರ ಕೆಳಗೆ ‘ಟ್ರೇ ಪೀಸ್’, ‘ಆಫೀಸ್ ಸಿಸ್ಟಮ್‌ನಿಂದ ತೆಗೆದದ್ದು’, ‘ಟೆಸ್ಟೆಡ್ ಓಕೆ’ ಎಂಬ ಎರಡು ಮೂರು ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಬಿಲ್ ಇಲ್ಲ, ಬಾಕ್ಸ್ ಇಲ್ಲ, ಬೆಲೆ ಮಾತ್ರ ಹೊಸದರ ಅರ್ಧಕ್ಕಿಂತ ಕಡಿಮೆ. ಇಂಥದ್ದನ್ನು ಕೊಳ್ಳಬಹುದೇ ಎಂದು ಕೇಳಿದವರಿಗೆ ‘ಕೊಳ್ಳಿ’ ಎಂದಾಗಲಿ ‘ಬೇಡ’ ಎಂದಾಗಲಿ ಒಂದೇ ಮಾತಿನಲ್ಲಿ ಹೇಳಿದರೆ ಅನ್ಯಾಯವಾಗುತ್ತದೆ.

ಏಕೆಂದರೆ ಮೂಲ ತಿಳಿಯದು ಎಂಬ ಮಾತಿನೊಳಗೆ ಎರಡು ಬೇರೆ ಅನುಮಾನಗಳಿವೆ. ಇದನ್ನು ಹಿಂದೆ ಯಾರು, ಎಷ್ಟು ಕಾಲ ಬಳಸಿದ್ದರು ಎಂಬುದು ಒಂದು. ಇದು ನಿಜಕ್ಕೂ ಯಾವ ಪ್ರೊಸೆಸರ್ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ, ಎರಡನೆಯದರ ಬಗ್ಗೆ ಯೋಚಿಸುವುದೇ ಇಲ್ಲ. ಪ್ರೊಸೆಸರಿನಲ್ಲಿ ಓಡಾಡುವ ಭಾಗಗಳಿಲ್ಲ, ಸವೆಯುವ ಬೇರಿಂಗ್ ಇಲ್ಲ. ಕಂಪನಿ ನಿಗದಿ ಮಾಡಿದ ವೋಲ್ಟೇಜಿನಲ್ಲಿ ನಡೆದ ಚಿಪ್ ಹತ್ತು ವರ್ಷ ದಾಟಿದರೂ ಹೊಸದರಂತೆಯೇ ಕೆಲಸ ಮಾಡುವುದು ಸಾಮಾನ್ಯ ಸಂಗತಿ. ಆದ್ದರಿಂದ ಹಿಂದಿನ ಮಾಲೀಕ ಯಾರೆಂದು ತಿಳಿಯದಿದ್ದರೂ ನಾನು ಕೊಳ್ಳುತ್ತೇನೆ. ಚಿಪ್ ಏನೆಂದು ಖಚಿತವಾಗದಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ.

ತೂಗಿ ನೋಡಬೇಕಾದ ಅಂಶಗಳು

ಗುರುತು ಎಲ್ಲಕ್ಕಿಂತ ಮೊದಲು ಬರುತ್ತದೆ. ಕೆಲವು ವರ್ಷಗಳ ಹಿಂದೆ ನಾನೇ ಒಂದು ಐ7-8700 ತರಿಸಿಕೊಂಡಿದ್ದೆ. ದಿನಪತ್ರಿಕೆಯ ತುಂಡಿನಲ್ಲಿ ಸುತ್ತಿ, ಮೇಲೆ ಬಬಲ್ ಕವರ್ ಹಾಕಿ ಕಳಿಸಿದ್ದರು. ಚಿಪ್‌ನ ಲೋಹದ ಮುಚ್ಚಳದ ಮೇಲೆ, ಕೂಲರಿಗೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಹಳೆಯದಾಗಿ ಗಟ್ಟಿಯಾಗಿ ಅಂಟಿತ್ತು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸುತ್ತಿದ್ದಂತೆ ಪೇಸ್ಟಿನ ಜೊತೆಗೆ ಅಕ್ಷರಗಳೂ ಮಸುಕಾಗತೊಡಗಿದವು, ಹತ್ತಿಯ ಮೇಲೆ ಬೂದು ಬಣ್ಣ ಬಂತು. ಕಾರ್ಖಾನೆಯಲ್ಲಿ ಲೇಸರಿನಿಂದ ಕೊರೆದ ಅಕ್ಷರ ಆಲ್ಕೋಹಾಲಿಗೆ ಹೋಗುವುದಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮುಚ್ಚಳವನ್ನು ಉಜ್ಜಿ ನಯ ಮಾಡಿದ ಸಣ್ಣ ಗೀರುಗಳು ಒಂದೇ ದಿಕ್ಕಿನಲ್ಲಿ ಕಂಡವು. ಬೋರ್ಡಿಗೆ ಹಾಕಿ ಆನ್ ಮಾಡಿದಾಗ ಬಯಾಸ್ (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಪರದೆಯಲ್ಲಿ ಐ3-8100 ಎಂದು ಬಂತು: ಆರು ಕೋರ್, ಹನ್ನೆರಡು ಥ್ರೆಡ್‌ಗಳ ಬದಲು ನಾಲ್ಕು ಕೋರ್, ನಾಲ್ಕು ಥ್ರೆಡ್. ಅಷ್ಟು ಹೊತ್ತಿಗೆ ಮಾರಿದವರ ಖಾತೆಯೇ ಮಾಯವಾಗಿತ್ತು. ಮುಚ್ಚಳವನ್ನು ಯಾರು ಬೇಕಾದರೂ ಉಜ್ಜಿ ಬರೆಯಬಹುದು, ಆದರೆ ಚಿಪ್ ತನ್ನೊಳಗೆ ಇಟ್ಟುಕೊಂಡಿರುವ ಹೆಸರನ್ನು ಹಾಗೆ ಬದಲಾಯಿಸಲಾಗದು. ಹಾಗಾಗಿ ಅಂದಿನಿಂದ ಮುಚ್ಚಳದ ಫೋಟೋ ಒಂದನ್ನೇ ನಂಬಿ ನಾನು ಹಣ ಕೊಟ್ಟಿಲ್ಲ.

ಮುಚ್ಚಳವನ್ನು ಓದಲು ಕಲಿಯುವುದೂ ಉಪಯುಕ್ತ. ಇಂಟೆಲ್ ಚಿಪ್‌ಗಳಲ್ಲಿ ಮಾದರಿಯ ಹೆಸರಿನ ಜೊತೆಗೆ ‘ಎಸ್’ ಅಕ್ಷರದಿಂದ ಆರಂಭವಾಗುವ ಒಂದು ಚಿಕ್ಕ ಸಂಕೇತ ಇರುತ್ತದೆ. ಅದನ್ನು ಹುಡುಕಿದರೆ ಅದೇ ಮಾದರಿ ಬರಬೇಕು. ಬ್ಯಾಚ್ ಸಂಖ್ಯೆಯ ಎರಡನೆಯ ಅಕ್ಷರ ತಯಾರಾದ ವರ್ಷದ ಕೊನೆಯ ಅಂಕಿಯನ್ನೂ ಅದರ ಮುಂದಿನ ಎರಡು ಅಂಕಿಗಳು ವಾರವನ್ನೂ ಹೇಳುತ್ತವೆ. ಎಎಂಡಿ ಚಿಪ್‌ಗಳಲ್ಲಿ ನಾಲ್ಕು ಅಂಕಿಗಳ ಗುಂಪೊಂದಿರುತ್ತದೆ: 1924 ಎಂದಿದ್ದರೆ 2019ನೇ ಇಸವಿಯ 24ನೇ ವಾರ. ಮಾರುವವರು 2018ರ ಬಿಲ್ ತೋರಿಸಿ 2019ರ ಚಿಪ್ ಕೊಡುತ್ತಿದ್ದರೆ ಆ ಬಿಲ್ ಬೇರೆ ಯಾವುದಕ್ಕೋ ಸೇರಿದ್ದು. ಇಷ್ಟು ಸಣ್ಣ ಹೊಂದಾಣಿಕೆಯನ್ನು ನೋಡಲು ಎರಡು ನಿಮಿಷ ಸಾಕು.

ಎರಡನೆಯ ಅಂಶ ಹೊಂದಿಕೆ. ನಿಜವಾದ, ಸುಸ್ಥಿತಿಯಲ್ಲಿರುವ ಚಿಪ್ ಬಂದರೂ ನಿಮ್ಮ ಬೋರ್ಡ್ ಅದನ್ನು ಒಪ್ಪದಿದ್ದರೆ ಕೊಟ್ಟ ಹಣ ನಷ್ಟವೇ. ಇಂಟೆಲ್‌ನ 6, 7, 8, 9ನೇ ತಲೆಮಾರುಗಳೆಲ್ಲ ಎಲ್‌ಜಿಎ1151 ಎಂಬ ಒಂದೇ ಹೆಸರಿನ ಸಾಕೆಟ್ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಬಳಸುತ್ತವೆ, ಆದರೆ 8 ಮತ್ತು 9ನೇ ತಲೆಮಾರಿಗೆ 300 ಸರಣಿಯ ಬೋರ್ಡೇ ಬೇಕು. ಎಚ್110 ಅಥವಾ ಬಿ250 ಬೋರ್ಡ್ ಇರುವವರು ಸಾಕೆಟ್ ಹೆಸರು ನೋಡಿ ಐ5-8400 ತರಿಸಿಕೊಂಡರೆ ಅದು ಕೂರುತ್ತದೆ, ಆದರೆ ನಡೆಯುವುದಿಲ್ಲ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿಯ ರೈಜನ್ 2000 ಸರಣಿಯನ್ನು ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು, ಆದ್ದರಿಂದ ಆರನೇ ತಲೆಮಾರಿನ ಬೋರ್ಡಿಗೆ ಹಳೆಯ ಐ7-6700 ಅಥವಾ ಐ7-7700 ಹುಡುಕಿ ಹಾಕಿದವರಿಗೆ ವೇಗ ಸ್ವಲ್ಪ ಹೆಚ್ಚಬಹುದೇ ಹೊರತು ಮೂಲ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಲಿನಕ್ಸ್ ಬಳಸುವವರಿಗೆ ಈ ತೊಡಕು ಇಲ್ಲ.

ಉಳಿದವು ಮೂರು. ಹಿಂದಿನ ಬಳಕೆಯಲ್ಲಿ ಚಿಪ್‌ಗೆ ಏಟು ಬಿದ್ದಿದೆಯೇ ಎಂಬುದು ಒಂದು. ಹಾಳಾಗಿ ಬಂದರೆ ಹಣ ಹಿಂತಿರುಗಿಸುವ ಹೊಣೆ ಯಾರದು ಎಂಬುದು ಇನ್ನೊಂದು. ಕೊನೆಯದು ಒಟ್ಟು ಖರ್ಚು. ಇದರಲ್ಲಿ ಕೂಲರ್, ಬೇಕಾದರೆ ಬೋರ್ಡ್, ಚಿತ್ರ ತೋರಿಸುವ ಶಕ್ತಿಯಿಲ್ಲದ ಪ್ರೊಸೆಸರಾದರೆ ಗ್ರಾಫಿಕ್ಸ್ ಕಾರ್ಡ್, ತಿಂಗಳ ಕರೆಂಟ್ ಬಿಲ್ ಎಲ್ಲವೂ ಸೇರುತ್ತವೆ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಅಥವಾ ರೈಜನ್ 5 3600, 5600 ಥರದ ಮಾದರಿಗಳಾದರೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ ಎಂಬುದು ಎಷ್ಟೋ ಜನರಿಗೆ ಪಾರ್ಸೆಲ್ ಬಿಚ್ಚಿದ ಮೇಲೆ ತಿಳಿಯುತ್ತದೆ.

ಮನೆಯ ಬಳಕೆದಾರರು ಬಿಲ್ ಸಹಿತ ಮಾರುವ ಚಿಪ್

ಎಲ್ಲ ಆಯ್ಕೆಗಳಲ್ಲಿ ಇದು ಅತ್ಯಂತ ನಿಶ್ಚಿಂತೆಯದು. ಹೊಸದಕ್ಕೆ ಬದಲಾಯಿಸಿಕೊಂಡ ಹುಡುಗನೊಬ್ಬ ತನ್ನ ಹಳೆಯ ರೈಜನ್ 5 3600 ಅನ್ನು ಬಾಕ್ಸ್, ಬಿಲ್, ಕೂಲರ್ ಸಹಿತ ಮಾರುತ್ತಿದ್ದರೆ, ಬಿಲ್ಲಿಲ್ಲದ ಅದೇ ಚಿಪ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟು ತೆಗೆದುಕೊಳ್ಳುವುದರಲ್ಲಿ ನಷ್ಟವಿಲ್ಲ. ಇಂಟೆಲ್ ಮತ್ತು ಎಎಂಡಿ ಎರಡೂ ಬಾಕ್ಸ್ ಪ್ರೊಸೆಸರುಗಳಿಗೆ 3 ವರ್ಷದ ವಾರಂಟಿ ಕೊಡುತ್ತವೆ. ಆದರೆ ಅದು ಮೊದಲ ಕೊಳ್ಳುಗರ ಬಿಲ್ಲಿಗೆ ಅಂಟಿಕೊಂಡಿರುವುದರಿಂದ, ಉಳಿದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದು ಹೆಚ್ಚು ಹಣ ಕೊಡಬೇಡಿ. ಬಿಲ್ಲಿನ ನಿಜವಾದ ಬೆಲೆ ಇರುವುದು ಗುರುತಿನ ಪುರಾವೆಯಾಗಿ ಮತ್ತು ಕದ್ದ ಮಾಲಲ್ಲ ಎಂಬ ಭರವಸೆಯಾಗಿ.

ಎಎಂಡಿಯ ಎಎಂ4 ಸಾಕೆಟ್ ಇರುವವರಿಗೆ ಈ ದಾರಿ ವಿಶೇಷವಾಗಿ ಒಳ್ಳೆಯದು. 2017ರಲ್ಲಿ ಮೊದಲ ರೈಜನ್ ಜೊತೆ ಬಂದ 300 ಸರಣಿಯ ಬೋರ್ಡುಗಳಲ್ಲೂ ಬಹಳಷ್ಟಕ್ಕೆ 2022ರಲ್ಲಿ ರೈಜನ್ 5000 ಸರಣಿಯನ್ನು ಒಪ್ಪುವ ಬಯಾಸ್ ಬಂದಿದೆ. ಅಂದರೆ ವಿಂಡೋಸ್ 11ರ ಪಟ್ಟಿಯಲ್ಲಿಲ್ಲದ ರೈಜನ್ 5 1600 ಇರುವ ಕಂಪ್ಯೂಟರಿನಲ್ಲಿ ಬೋರ್ಡನ್ನೂ ರ್‍ಯಾಮನ್ನೂ ಮುಟ್ಟದೆ ರೈಜನ್ 5 5600 ಹಾಕಬಹುದು. ಒಂದು ಎಚ್ಚರಿಕೆ: ಹಳೆಯ ಚಿಪ್ ಇನ್ನೂ ಬೋರ್ಡಿನಲ್ಲಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ ಮುಗಿಸಬೇಕು. ಹೆಸರಿನಲ್ಲಿ ಹತ್ತಿರವಿರುವ 5500 ಮತ್ತು 5600 ಒಂದೇ ಎಂದು ಭಾವಿಸಬೇಡಿ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ಇದ್ದರೆ 5500ರಲ್ಲಿ 16 ಎಂಬಿ ಮಾತ್ರ, ಗ್ರಾಫಿಕ್ಸ್ ಕಾರ್ಡನ್ನು ಜೋಡಿಸುವ ಪಿಸಿಐಇ ಕೂಡ 4.0ರ ಬದಲು 3.0. ಆಟಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಎಎಂ4 ಚಿಪ್‌ಗಳಿಗೆ ಅಡಿಯಲ್ಲಿ 1331 ಪಿನ್ನುಗಳಿವೆ, ಮತ್ತು ಇಲ್ಲಿಯೇ ಹಿಂದಿನ ಬಳಕೆದಾರರ ಕೈಗುಣ ಮುಖ್ಯವಾಗುವುದು. ಒಣಗಿದ ಪೇಸ್ಟ್ ಇರುವ ಕೂಲರನ್ನು ನೇರವಾಗಿ ಎಳೆದರೆ ಚಿಪ್ ಕೂಡ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಬಾಗಿದ ಒಂದೆರಡನ್ನು ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಿಂದ ಮೆಲ್ಲಗೆ ನೇರ ಮಾಡಬಹುದು, ಆದರೆ ಮುರಿದದ್ದಕ್ಕೆ ಸುಲಭದ ಪರಿಹಾರವಿಲ್ಲ. ಆದ್ದರಿಂದ ಪಿನ್ನುಗಳ ಸಾಲುಗಳು ನಾಲ್ಕೂ ಬದಿಯಿಂದ ನೇರವಾಗಿ ಕಾಣುವಂತೆ ಓರೆಯಾಗಿ ತೆಗೆದ ಫೋಟೋ ಕೇಳಿ. ಮೇಲಿನಿಂದ ತೆಗೆದ ಫೋಟೋದಲ್ಲಿ ಬಾಗಿದ ಪಿನ್ ಅಡಗಿಕೊಳ್ಳುತ್ತದೆ.

ಬಿಲ್ಲಿಲ್ಲದ ಟ್ರೇ ಪೀಸ್ ಮತ್ತು ಆಫೀಸಿನಿಂದ ಬಂದದ್ದು

ಆನ್‌ಲೈನಿನಲ್ಲಿ ಕಾಣುವ ಮೂಲ ತಿಳಿಯದ ಚಿಪ್‌ಗಳಲ್ಲಿ ಬಹುಪಾಲು ಈ ಗುಂಪಿನವು. ಟ್ರೇ ಎಂದರೆ ಕಂಪ್ಯೂಟರ್ ತಯಾರಕರಿಗೆ ಸಗಟಾಗಿ, ಬಾಕ್ಸ್ ಇಲ್ಲದೆ ಕೊಟ್ಟದ್ದು; ಚಿಪ್‌ನ ಗುಣದಲ್ಲಿ ವ್ಯತ್ಯಾಸವಿಲ್ಲ, ಆದರೆ ವಾರಂಟಿಗಾಗಿ ಇಂಟೆಲ್ ಅಥವಾ ಎಎಂಡಿಯ ಬಳಿ ನೇರವಾಗಿ ಹೋಗುವಂತಿಲ್ಲ, ಮಾರಿದವರೇ ಹೊಣೆ. ಐಟಿ ಕಂಪನಿಗಳು, ಬ್ಯಾಂಕುಗಳು ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರುಗಳನ್ನು ಬದಲಾಯಿಸುವಾಗ ಹಳೆಯವು ಲಾಟ್‌ಗಳಲ್ಲಿ ಹರಾಜಾಗಿ, ಬಿಚ್ಚಿದ ಭಾಗಗಳು ಬೆಂಗಳೂರಿನ ಎಸ್‌ಪಿ ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್ ಅಂಗಡಿಗಳಿಗೆ ಬರುತ್ತವೆ. ಆನ್‌ಲೈನಿನ ಮಾರಾಟಗಾರರಲ್ಲಿ ಅನೇಕರು ಅದೇ ಅಂಗಡಿಗಳವರು.

ಬಳಕೆಯ ದೃಷ್ಟಿಯಿಂದ ಇವು ಒಳ್ಳೆಯ ಮಾಲು ಎಂದೇ ನನ್ನ ಅಭಿಪ್ರಾಯ. ಆಫೀಸಿನ ಡೆಸ್ಕ್‌ಟಾಪಿನಲ್ಲಿ ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗ ಮೀರಿ ಓಡಿಸುವುದನ್ನು, ಮಾಡುವವರಿಲ್ಲ, ವೋಲ್ಟೇಜ್ ಏರಿಸುವವರಿಲ್ಲ; ಎಸಿ ಕೋಣೆಯಲ್ಲಿ ಇಮೇಲ್ ಮತ್ತು ಎಕ್ಸೆಲ್ ನಡೆಸಿದ ಐ5-8500, ಹದಿನೆಂಟರ ಹುಡುಗನ ಮನೆಯಲ್ಲಿ ರಾತ್ರಿಯಿಡೀ ಓವರ್‌ಕ್ಲಾಕ್ ಆಗಿ ಓಡಿದ ‘ಕೆ’ ಸರಣಿಯ ಚಿಪ್‌ಗಿಂತ ಹೆಚ್ಚು ನಂಬಿಕೆಗೆ ಯೋಗ್ಯ. ಅಡಿಯಲ್ಲಿ ಪಿನ್ನಿನ ಬದಲು ಚಪ್ಪಟೆ ಬಿಂದುಗಳಿರುವ ಇಂಟೆಲ್ ಚಿಪ್‌ಗಳು ಸಾಗಾಟದಲ್ಲೂ ಅಷ್ಟಾಗಿ ಹಾಳಾಗುವುದಿಲ್ಲ. ಇಲ್ಲಿ ಅನುಮಾನ ಇರುವುದು ಗುರುತಿನಲ್ಲಿ ಮತ್ತು ಹೊಣೆಯಲ್ಲಿ ಮಾತ್ರ, ಆದ್ದರಿಂದ ಹಿಂತಿರುಗಿಸುವ ಅವಕಾಶವನ್ನು ಬರಹದಲ್ಲಿ ಕೊಡುವ ಅಂಗಡಿಗೆ ಒಂದಿಷ್ಟು ಹೆಚ್ಚು ಕೊಡಿ. ಒಂದು ವಾರದ ಟೆಸ್ಟಿಂಗ್ ವಾರಂಟಿ ಎಂದು ಅವರು ಕರೆಯುವುದು ಇದನ್ನೇ. ಅದನ್ನು ಕೊಡಲೊಪ್ಪದವರ ಬಳಿ ಹೊಸದರ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬಾರದು ಎಂಬುದು ನಾನು ಪಾಲಿಸುವ ಮಿತಿ.

ಈ ಗುಂಪಿನಲ್ಲೇ ಒಂದು ಗುಪ್ತ ಅಪಾಯವಿದೆ, ಅದು ಎಎಂಡಿಯ ‘ಪ್ರೊ’ ಸರಣಿಯ ಚಿಪ್‌ಗಳದ್ದು. ಲೆನೊವೊ ತನ್ನ ಕೆಲವು ಯಂತ್ರಗಳಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯವನ್ನು ಬಳಸಿ ರೈಜನ್ ಪ್ರೊ, ಥ್ರೆಡ್‌ರಿಪ್ಪರ್ ಪ್ರೊ, ಎಪಿಕ್ ಚಿಪ್‌ಗಳನ್ನು ತನ್ನದೇ ಬೋರ್ಡುಗಳಿಗೆ ಕಟ್ಟಿಹಾಕುತ್ತದೆ. ಹೀಗೆ ಒಮ್ಮೆ ಬೀಗ ಬಿದ್ದರೆ ತೆಗೆಯಲು ಸಾಧ್ಯವಿಲ್ಲ. ಚಿಪ್ ನಿಜ, ಆರೋಗ್ಯವಾಗಿದೆ, ಮಾರಿದವರ ಯಂತ್ರದಲ್ಲಿ ನಡೆಯುತ್ತಲೂ ಇದೆ, ಆದರೆ ನಿಮ್ಮ ಬೋರ್ಡಿನಲ್ಲಿ ಪರದೆ ಕಪ್ಪು. ರೈಜನ್ 5 ಪ್ರೊ 4650ಜಿ ಥರದ ಚಿಪ್ ಕೊಳ್ಳುವಾಗ ಅದು ಸಾಮಾನ್ಯ ಅಂಗಡಿ ಬೋರ್ಡಿನಲ್ಲಿ ನಡೆಯುತ್ತಿರುವ ವಿಡಿಯೋವನ್ನೇ ಕೇಳಬೇಕು. ಬ್ರ್ಯಾಂಡೆಡ್ ಯಂತ್ರದ ಪರದೆಯ ಫೋಟೋ ಇಲ್ಲಿ ಪುರಾವೆಯಲ್ಲ.

ಹಳೆಯ ಸರ್ವರಿನ ಜಿಯಾನ್

ಇಂಟೆಲ್ ಸರ್ವರುಗಳಿಗೆಂದು ಮಾಡುವ ಜಿಯಾನ್ ಸರಣಿಯ ಇ5-2680 ವಿ4 ಎಂಬ ಚಿಪ್‌ನ ವಿವರ ಓದಿದವರಿಗೆ ಆಸೆ ಹುಟ್ಟುವುದು ಸಹಜ: 14 ಕೋರ್, 28 ಥ್ರೆಡ್, ನಾಲ್ಕು ಚಾನೆಲ್ ಮೆಮೊರಿ. 2016ರಲ್ಲಿ ಬಂದ ಈ ಚಿಪ್‌ಗಳು ಡೇಟಾ ಸೆಂಟರುಗಳಿಂದ ಸಾವಿರಗಟ್ಟಲೆ ಹೊರಬಿದ್ದದ್ದರಿಂದ ಅಗ್ಗವಾಗಿವೆ, ಮತ್ತು ಸರ್ವರಿನಲ್ಲಿ ನಿಗದಿತ ವೋಲ್ಟೇಜಿನಲ್ಲಿ, ಒಳ್ಳೆಯ ತಂಪಿನಲ್ಲಿ ನಡೆದಿರುವುದರಿಂದ ಚಿಪ್ ಬಗ್ಗೆ ಭಯವೂ ಇಲ್ಲ. ಅನುಮಾನವೆಲ್ಲ ಅದರ ಸುತ್ತ ಇರುವ ವಸ್ತುಗಳ ಮೇಲೆ. ಎಕ್ಸ್99 ಹೆಸರಿನಲ್ಲಿ ಬರುವ ಚೀನೀ ಬೋರ್ಡುಗಳಲ್ಲಿ ಬಹಳಷ್ಟರಲ್ಲಿ ಹಳೆಯ ಡೆಸ್ಕ್‌ಟಾಪ್ ಬೋರ್ಡುಗಳಿಂದ ಕಿತ್ತು ತೆಗೆದ ಬಿ85, ಕ್ಯು87 ಥರದ ಚಿಪ್‌ಸೆಟ್ ಇರುತ್ತದೆ; ಬಯಾಸ್ ಅಪ್‌ಡೇಟ್ ಬರುವುದನ್ನು ಎದುರುನೋಡುವಂತಿಲ್ಲ; ಕೆಲವದರಲ್ಲಿ ಸ್ಲೀಪ್‌ಗೆ ಹೋದ ಕಂಪ್ಯೂಟರ್ ಏಳುವುದೇ ಇಲ್ಲ. ಒಂದು ವರ್ಷದಲ್ಲಿ ಬೋರ್ಡ್ ಕೈಕೊಟ್ಟರೆ ಅದಕ್ಕೆ ಬದಲಿ ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ.

ಈ ಚಿಪ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಒಳಗೆ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ವಿಡಿಯೋ ಕೆಲಸವನ್ನು ವೇಗಗೊಳಿಸುವ ಇಂಟೆಲ್‌ನ ಕ್ವಿಕ್ ಸಿಂಕ್ ಸಿಗದು. ಗರಿಷ್ಠ ವೇಗ 3.3 ಗಿಗಾಹರ್ಟ್ಸ್, ವಿದ್ಯುತ್ ಮಟ್ಟ 120 ವ್ಯಾಟ್. ಸಾಮಾನ್ಯ ಡೆಸ್ಕ್‌ಟಾಪಿಗಿಂತ 60 ವ್ಯಾಟ್ ಹೆಚ್ಚು ಎಳೆದು ದಿನಕ್ಕೆ 8 ಗಂಟೆ ನಡೆದರೆ ತಿಂಗಳಿಗೆ 14 ಯೂನಿಟ್ ಹೆಚ್ಚುವರಿ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಯಲ್ಲಿ ಇಷ್ಟು ಏರಿಕೆಯೇ ಆ ತಿಂಗಳ ಪೂರ್ತಿ ಬಿಲ್ ಕಟ್ಟುವಂತೆ ಮಾಡಬಲ್ಲದು. ಹಾಗಿದ್ದರೂ ಒಂದೇ ಯಂತ್ರದಲ್ಲಿ ಎಂಟು ಹತ್ತು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗಿನ ಕಂಪ್ಯೂಟರ್) ನಡೆಸಿ ನೆಟ್‌ವರ್ಕಿಂಗ್ ಅಥವಾ ಲಿನಕ್ಸ್ ಕಲಿಯಬೇಕೆನ್ನುವ ವಿದ್ಯಾರ್ಥಿಗೆ, 3ಡಿ ಚಿತ್ರ ತಯಾರಿಸುವ ಬ್ಲೆಂಡರಿನಲ್ಲಿ ಪ್ರೊಸೆಸರ್ ಮೇಲೆಯೇ ರೆಂಡರ್ ಮಾಡುವವರಿಗೆ ಈ ಬೆಲೆಗೆ ಇಷ್ಟು ಕೋರ್ ಬೇರೆಲ್ಲೂ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆಸೆಯಿದ್ದರೆ ಚೀನೀ ಬೋರ್ಡಿನ ಬದಲು ಕಂಪನಿಯದೇ ಹಳೆಯ ವರ್ಕ್‌ಸ್ಟೇಷನ್ ಪೂರ್ತಿಯಾಗಿ ಸಿಗುತ್ತದೆಯೇ ಎಂದು ಮೊದಲು ಹುಡುಕಿ.

ಇಂಜಿನಿಯರಿಂಗ್ ಸ್ಯಾಂಪಲ್ ಮತ್ತು ಮಾರ್ಪಡಿಸಿದ ಚಿಪ್

ಮಾರಾಟಕ್ಕೆ ಬರುವ ಮುನ್ನ ಬೋರ್ಡ್ ತಯಾರಕರ ಪರೀಕ್ಷೆಗಾಗಿ ಕೊಟ್ಟ ಚಿಪ್‌ಗಳು ಇವು. ಇಂಟೆಲ್‌ನವಾದರೆ ಮುಚ್ಚಳದ ಮೇಲೆ ಮಾದರಿಯ ಹೆಸರಿನ ಬದಲು ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದೂ ‘ಕ್ಯು’ ಅಕ್ಷರದಿಂದ ಆರಂಭವಾಗುವ ನಾಲ್ಕಕ್ಷರದ ಸಂಕೇತವೂ ಇರುತ್ತದೆ. ಇವು ತನ್ನ ಆಸ್ತಿ, ಮಾರುವಂತಿಲ್ಲ ಎಂಬುದು ಇಂಟೆಲ್‌ನ ನಿಲುವು. ವೇಗ ಕಡಿಮೆ ಇರಬಹುದು, ಕೆಲವು ಸೌಲಭ್ಯ ನಿಷ್ಕ್ರಿಯವಾಗಿರಬಹುದು, ಇಂದಿನ ಬಯಾಸಿನಲ್ಲಿ ನಡೆದದ್ದು ನಾಳೆಯ ಅಪ್‌ಡೇಟಿನಲ್ಲಿ ನಿಲ್ಲಬಹುದು. ಲ್ಯಾಪ್‌ಟಾಪಿನ ಚಿಪ್ ಅನ್ನು ಡೆಸ್ಕ್‌ಟಾಪ್ ಸಾಕೆಟ್ಟಿಗೆ ಹೊಂದುವ ತಳದ ಮೇಲೆ ಬೆಸೆದು ಮಾರುವ ಇನ್ನೊಂದು ಬಗೆಯಿದೆ. ಅದಕ್ಕೆ ತಿದ್ದಿದ ಬಯಾಸ್ ಬೇಕು. ಬಯಾಸ್ ತಿದ್ದುವುದು, ಪ್ರೋಗ್ರಾಮರ್ ಬಳಸಿ ಮರಳಿ ಬರೆಯುವುದು ಗೊತ್ತಿರುವ ಹವ್ಯಾಸಿಗಳನ್ನು ಬಿಟ್ಟರೆ ಬೇರೆ ಯಾರಿಗೂ ನಾನು ಇವನ್ನು ಸೂಚಿಸಲಾರೆ. ಜೀವನೋಪಾಯಕ್ಕೆ ಬಳಸುವ ಕಂಪ್ಯೂಟರಿನಲ್ಲಿ ಇವು ಬೇಡವೇ ಬೇಡ.

ವಿದೇಶದಿಂದ ತರಿಸುವ ಯೋಚನೆಯೂ ಇಲ್ಲಿಗೇ ಸೇರುತ್ತದೆ, ಏಕೆಂದರೆ ಇಂಥವು ಬರುವುದು ಹೆಚ್ಚಾಗಿ ಹೊರಗಿನಿಂದ. ಅಲಿಎಕ್ಸ್‌ಪ್ರೆಸ್ 2020ರ ನವೆಂಬರಿನಲ್ಲಿ ಭಾರತದಲ್ಲಿ ನಿರ್ಬಂಧಕ್ಕೆ ಒಳಗಾಯಿತು. ಬೇರೆ ದಾರಿಯಲ್ಲಿ ತರಿಸಿದರೂ ಬಳಸಿದ ವಸ್ತುಗಳ ಆಮದಿಗೆ ನಿರ್ಬಂಧಗಳಿರುವುದರಿಂದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳಬಹುದು. ಹಾಳಾಗಿ ಬಂದದ್ದನ್ನು ಹಿಂದಕ್ಕೆ ಕಳಿಸುವ ಖರ್ಚು ಚಿಪ್‌ನ ಬೆಲೆಯನ್ನೇ ಮೀರಬಹುದು.

ಹಿಂದಿನ ಬಳಕೆ ನಿಜಕ್ಕೂ ಮುಖ್ಯವಾಗುವ ಒಂದು ಗುಂಪು

ಪ್ರೊಸೆಸರ್ ಸವೆಯುವುದಿಲ್ಲ ಎಂಬ ನನ್ನ ಮಾತಿಗೆ ದೊಡ್ಡ ಅಪವಾದ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಐ9, ಐ7 ಮತ್ತು ಮೇಲ್ದರ್ಜೆಯ ಐ5 ‘ಕೆ’ ಚಿಪ್‌ಗಳು. ಚಿಪ್ ತಾನೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿಕೊಂಡು ಒಳಗಿನಿಂದ ಕ್ಷೀಣಿಸುತ್ತಿದ್ದುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಅದೇ ಆಗಸ್ಟಿನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ (ಚಿಪ್‌ನೊಳಗಿನ ಸೂಚನೆಗಳ) ತಿದ್ದುಪಡಿ ಬಯಾಸ್ ಅಪ್‌ಡೇಟಿನ ಮೂಲಕ ಬಂತು. ಆದರೆ ಈಗಾಗಲೇ ಹಾಳಾದದ್ದನ್ನು ಅದು ಸರಿಪಡಿಸದು. ಬಾಕ್ಸ್ ಚಿಪ್‌ಗಳಿಗೆ ಇಂಟೆಲ್ ವಾರಂಟಿಯನ್ನು 2 ವರ್ಷ ಹೆಚ್ಚಿಸಿ ಒಟ್ಟು 5 ವರ್ಷ ಮಾಡಿದ್ದು ಈ ಕಾರಣಕ್ಕೇ. ಹಳೆಯ ಬಯಾಸಿನಲ್ಲಿ ಎಷ್ಟು ತಿಂಗಳು ಓಡಿದೆ ಎಂದು ತಿಳಿಯದ ಐ9-13900ಕೆ ಅಥವಾ ಐ7-14700ಕೆ ಅರ್ಧ ಬೆಲೆಗೆ ಬಂದರೂ ಮುಟ್ಟಬೇಡಿ. 12ನೇ ತಲೆಮಾರಿಗೆ ಈ ತೊಂದರೆ ಇಲ್ಲ, ಅದೇ ಎಲ್‌ಜಿಎ1700 ಬೋರ್ಡಿಗೆ ಬಳಸಿದ ಐ5-12400 ಹುಡುಕುವುದು ಕ್ಷೇಮ.

ಪ್ರೊಸೆಸರ್ ಬಿಟ್ಟು ಬೇರೆ ದಾರಿ

ಬೋರ್ಡನ್ನೂ ಬದಲಾಯಿಸಬೇಕಾದ ಸ್ಥಿತಿಯಲ್ಲಿರುವವರು ಬಿಡಿ ಚಿಪ್ ಹುಡುಕುವುದನ್ನು ನಿಲ್ಲಿಸಿ ಎರಡು ಆಯ್ಕೆಗಳನ್ನು ನೋಡಬೇಕು. ಒಂದು, 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಚಿಪ್ ಇರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಥರದ ಆಫೀಸ್ ಡೆಸ್ಕ್‌ಟಾಪ್ ಪೂರ್ತಿಯಾಗಿ ಕೊಳ್ಳುವುದು. ಇಲ್ಲಿ ಚಿಪ್ ತಾನು ಹುಟ್ಟಿದ ಬೋರ್ಡಿನಲ್ಲೇ ಇರುವುದರಿಂದ ಹೊಂದಿಕೆಯ ಪ್ರಶ್ನೆಯೇ ಬರುವುದಿಲ್ಲ, ಆನ್ ಮಾಡಿದ ಕೂಡಲೇ ಗುರುತು ಕಣ್ಣಿಗೆ ಬೀಳುತ್ತದೆ, ವಿಂಡೋಸ್ ಲೈಸೆನ್ಸ್ ಕೂಡ ಬಹುಮಟ್ಟಿಗೆ ಬೋರ್ಡಿನಲ್ಲೇ ಇರುತ್ತದೆ. ಕೊರತೆಯೆಂದರೆ ಪವರ್ ಸಪ್ಲೈ ಮತ್ತು ಕ್ಯಾಬಿನೆಟ್ಟಿನ ಅಳತೆ ಕಂಪನಿಯದೇ ಆಗಿರುವುದರಿಂದ ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಲಾಗದು. ಎರಡನೆಯದು, ಐ3-12100 ಥರದ ಹೊಸ ಚಿಪ್ ಅನ್ನೇ ವಾರಂಟಿ ಸಹಿತ ಕೊಳ್ಳುವುದು; ನಾಲ್ಕೇ ಕೋರ್ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಒಂದೊಂದು ಕೋರಿನ ವೇಗದಲ್ಲಿ ಅದು ಮೇಲೆ ಹೇಳಿದ ಹಳೆಯ ಜಿಯಾನ್‌ಗಿಂತ ಬಹಳ ಮುಂದಿದೆ.

ಯಾರಿಗೆ ಯಾವುದು ಎಂದು ನೇರವಾಗಿ ಹೇಳುವುದಾದರೆ, ನುಡಿ ಅಥವಾ ಬರಹದಲ್ಲಿ ಡಿಟಿಪಿ ಮಾಡುವ ಅಂಗಡಿಗೆ, ಟ್ಯಾಲಿ ನಡೆಸುವ ಲೆಕ್ಕಿಗರಿಗೆ ಪೂರ್ತಿ ಆಫೀಸ್ ಡೆಸ್ಕ್‌ಟಾಪೇ ಸರಿ; ಒಂದು ದಿನ ಯಂತ್ರ ನಿಂತರೆ ಆಗುವ ನಷ್ಟ, ಬಿಡಿ ಚಿಪ್‌ನಲ್ಲಿ ಉಳಿಸಿದ ಹಣಕ್ಕಿಂತ ದೊಡ್ಡದು. ಎಎಂ4 ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ ಈಗಾಗಲೇ ಇರುವ ವಿದ್ಯಾರ್ಥಿಗೆ ಬಿಲ್ ಸಹಿತ ರೈಜನ್ 5 5600ಗಿಂತ ಉತ್ತಮ ಆಯ್ಕೆ ನನಗೆ ಕಾಣದು. ಯೂಟ್ಯೂಬಿಗೆ ವಿಡಿಯೋ ಎಡಿಟ್ ಮಾಡುವವರು ಕೋರುಗಳನ್ನು ಎಣಿಸುವುದಕ್ಕಿಂತ ಒಳಗೆ ಗ್ರಾಫಿಕ್ಸ್ ಇರುವ, ಅಂದರೆ ‘ಎಫ್’ ಇಲ್ಲದ ಇಂಟೆಲ್ ಚಿಪ್ ನೋಡಲಿ, ಕ್ವಿಕ್ ಸಿಂಕ್ ಅವರ ಸಮಯವನ್ನು ಸಾಕಷ್ಟು ಉಳಿಸುತ್ತದೆ. ಇಂಟೆಲ್‌ನ 300 ಸರಣಿಯ ಬೋರ್ಡಿನಲ್ಲಿ ಐ3 ಇಟ್ಟುಕೊಂಡಿರುವವರಿಗೆ ಹಿಂತಿರುಗಿಸುವ ಅವಕಾಶವಿರುವ ಟ್ರೇ ಐ5-8500 ಅಥವಾ ಐ5-9400 ಸಾಕು.

ಹಣ ಕೊಡುವ ಮುನ್ನ, ಚಿಪ್ ಬಂದ ಮೇಲೆ

ಚಿಪ್‌ನ ಎರಡೂ ಬದಿ, ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿ ಇರುವ ಫೋಟೋ ಕೇಳಿ. ಬಯಾಸ್ ಪರದೆ ಮತ್ತು ಚಿಪ್‌ನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಪರದೆ ಎರಡೂ ಕಾಣುವ ವಿಡಿಯೋ ಕೇಳಿ. ಸಿಪಿಯು-ಝಡ್‌ನಲ್ಲಿ ಹೆಸರಿನ ಪಕ್ಕ ‘ಇಎಸ್’ ಎಂದಿದ್ದರೆ ಅದು ಸ್ಯಾಂಪಲ್. ಸಾಧ್ಯವಾದರೆ ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆ ಮಾಡಿಕೊಳ್ಳಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ, ಆದ್ದರಿಂದ ರೀಫಂಡ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಎಂದರೆ ಅಲ್ಲಿಗೇ ನಿಲ್ಲಿಸಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವ್ಯಾಪಾರಿಯಿಂದ ಕೊಂಡದ್ದಾದರೆ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯೊಬ್ಬರು ಒಮ್ಮೆ ಮಾರಿದ ವಸ್ತುವಿಗೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಮಾರುವವರ ಹೆಸರು, ಫೋನ್ ಸಂಖ್ಯೆ ಇರುವ ಒಂದು ಸಾಲಿನ ರಸೀದಿಯನ್ನಾದರೂ ಬರೆಸಿಕೊಳ್ಳಿ.

ಪಾರ್ಸೆಲ್ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೋದಲ್ಲಿ ಹಿಡಿದಿಟ್ಟು, ಮುಚ್ಚಳವನ್ನು ಒರೆಸಿ ನೋಡಿ, ನಂತರ ಬೋರ್ಡಿಗೆ ಹಾಕಿ. ಬಯಾಸಿನಲ್ಲಿ ಹೆಸರು ಸರಿಯಿದ್ದರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಇರುವುದರಿಂದ ಎಲ್ಲ ರ್‍ಯಾಮ್ ಸ್ಲಾಟುಗಳಲ್ಲೂ ರ್‍ಯಾಮ್ ಹಾಕಿ ಪೂರ್ತಿ ಗಾತ್ರ ಕಾಣುತ್ತದೆಯೇ ನೋಡಬೇಕು. ಒಂದು ಚಾನೆಲ್ ಸತ್ತ ಚಿಪ್‌ಗಳನ್ನು ಒಂದೇ ರ್‍ಯಾಮ್ ಹಾಕಿ ತೋರಿಸಿ ಮಾರುವುದುಂಟು. ಹದಿನಾರು ಲೇನಿನ (ಡೇಟಾ ಹರಿಯುವ ದಾರಿಗಳ) ಗ್ರಾಫಿಕ್ಸ್ ಕಾರ್ಡಾದರೆ ಅದಕ್ಕೆ ಹದಿನಾರೂ ಸಿಗುತ್ತಿವೆಯೇ, ಒಳಗಿನ ಗ್ರಾಫಿಕ್ಸ್ ಇದ್ದರೆ ಅದರಿಂದ ಚಿತ್ರ ಬರುತ್ತದೆಯೇ ಎಂದು ಪರೀಕ್ಷಿಸಿ. ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86, ಮರುದಿನ ಒಂದೆರಡು ಗಂಟೆ ಪ್ರೊಸೆಸರಿಗೆ ಪೂರ್ತಿ ಹೊರೆ ಕೊಡುವ ಪ್ರೈಮ್95 ನಡೆಸಿ, ನಂತರ ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ‘ವಿಯಾ’ (WHEA) ಎಂಬ ಹಾರ್ಡ್‌ವೇರ್ ದೋಷಗಳು ದಾಖಲಾಗಿವೆಯೇ ಹುಡುಕಿ. ಇದನ್ನೆಲ್ಲ ಹಿಂತಿರುಗಿಸುವ ಅವಧಿಯ ಮೊದಲ ಎರಡು ದಿನಗಳಲ್ಲೇ ಮುಗಿಸಿ, ಅಲ್ಲಿಯವರೆಗೆ ಪಾರ್ಸೆಲ್ ಬಂದ ಕವರನ್ನೂ ನಿಮ್ಮ ಹಳೆಯ ಪ್ರೊಸೆಸರನ್ನೂ ಜೋಪಾನವಾಗಿ ಎತ್ತಿಡಿ.